ಕೃಷ್ಣಾನಂದನ ಮನೆಗಾಡಿ

ಡಿಸೆಂಬರ್ 3, 2020, ಗುರುವಾರ

ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ತೊಳೆದೆ. ಪೇಪರು ಬಿಸಿಲಿಗೆ. ಮೀನು ತಂದ ನಾಗಿಯನ್ನು ಗೇಟಿನಾಚೆಯೇ ನಿಲ್ಲಿಸಿದೆ. ಮಾಸ್ಕು ಗದ್ದದ ಮೇಲೆ. ಮೂಗಿಗೆ ಏರಿಸು ಅಂದರೆ, "ಬಾಯಿ ಕಟ್ಕಂಡು ಮೀನು ಕೂಗೂದು ಹೆಂಗೆ ಅಕ್ಕೋರೆ?" ಎಂದು ನನಗೇ ಪ್ರಶ್ನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಅರ್ಧ ಹೊನ್ನಾವರ ನನ್ನ ಕೈಯಲ್ಲಿ ಕಲಿತದ್ದು. ಆ ಅರ್ಧದ ಮಾಸ್ಕೂ ಗದ್ದದ ಮೇಲೆಯೇ.

ಹನ್ನೊಂದಕ್ಕೆ ಕುಮಟಾದಿಂದ ಕೃಷ್ಣಾನಂದನ ಫೋನು. ತಂಗಿ ಕವಿತಾಳ ಗಂಡ. ಅವನ ಫೋನು ಬಂತೆಂದರೆ ಹೊಸ ಐಡಿಯಾ ಬಂತೆಂದೇ ಅರ್ಥ. ಹಿಂದೊಮ್ಮೆ ಏಡಿ ಸಾಕಿದ್ದ. ಏಡಿಗಳು ಬುದ್ಧಿವಂತರು, ಓಡಿಹೋದವು. ಈಗ ಟೆಂಪೋ ಟ್ರಾವೆಲರ್. ಟೂರಿಸ್ಟರನ್ನು ಗೋಕರ್ಣ, ಮುರ್ಡೇಶ್ವರ ತಿರುಗಿಸುತ್ತಿದ್ದ ಗಾಡಿ ಮಾರ್ಚಿನಿಂದ ಅಂಗಳದಲ್ಲಿ ನಿಂತಿದೆಯಲ್ಲ, ಅದರ ಸೀಟು ಕಿತ್ತು ಮನೆ ಮಾಡುತ್ತಾನಂತೆ. ಮಂಚ, ಸ್ಟೋವು, ಸಿಂಕು.

"ಕ್ಯಾರವಾನ್ ಅತ್ತಿಗೆ. ಫಾರಿನ್ನಲ್ಲಿ ರಿಟೈರಾದವ್ರೆಲ್ಲ ಇದ್ರಲ್ಲೇ ತಿರುಗೂದು."

ಕೊರೊನಾ ಎಂದು ಜಗತ್ತೇ ಮನೆಯೊಳಗೆ ಕೂತಿದೆ. ಈ ಮಹಾಶಯ ಮನೆಗೇ ಚಕ್ರ ಹಚ್ಚುತ್ತಿದ್ದಾನೆ.

ಡಿಸೆಂಬರ್ 6, ಭಾನುವಾರ

ವಿಡಿಯೋ ಕಾಲ್. ಪೂರ್ತಿ ಪ್ಲಾನು ಬಿಚ್ಚಿದ. 28ಕ್ಕೆ ಹೊರಡುವುದು. ಹನ್ನೆರಡು ದಿನ. ಧನುಷ್ಕೋಟಿಯವರೆಗೆ. ಅವನು, ಕವಿತಾ, ನಾನು. ಹೋಟೆಲಿಲ್ಲ, ಲಾಡ್ಜಿಲ್ಲ, ಯಾರ ಮುಖವೂ ನೋಡಬೇಕಿಲ್ಲ. ಮನೆಗಿಂತ ಸೇಫ್ ಅಂತೆ. ಯಾವ ಡಾಕ್ಟರು ಹೇಳಿದ್ದು ಎಂದು ಕೇಳಿದೆ. ಯೂಟ್ಯೂಬ್.

ಕವಿತಾಳ ಎಡ ಶ್ವಾಸಕೋಶ ಅರ್ಧಕ್ಕರ್ಧ ಸತ್ತಿದೆ. ಹನ್ನೊಂದನೇ ವಯಸ್ಸಿಗೆ ಟಿ.ಬಿ. ಆಗ ಅಮ್ಮ ಇರಲಿಲ್ಲ. ನಮ್ಮೂರು ತದಡಿಯಿಂದ ದೋಣಿಯಲ್ಲಿ ಹೊಳೆ ದಾಟಿಸಿ ದಿನವೂ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದವಳು ನಾನು. ಮಾರ್ಚಿನಲ್ಲಿ ಡಾಕ್ಟರು ನೇರವಾಗಿ ಹೇಳಿದ್ದಾರೆ — ಈ ರೋಗ ಇವರಿಗೆ ಬಂದರೆ ಕಷ್ಟ. ಅಂದಿನಿಂದ ನಾನು ಅವಳ ಮನೆಗೆ ಹೋಗಿಲ್ಲ, ಅವಳು ಇಲ್ಲಿಗೆ ಬಂದಿಲ್ಲ. ಇಪ್ಪತ್ತು ಕಿಲೋಮೀಟರು. ಒಂಬತ್ತು ತಿಂಗಳು.

ಇಷ್ಟು ಗೊತ್ತಿದ್ದೂ ಅವಳೂ ಕುಣಿಯುತ್ತಿದ್ದಾಳೆ. "ನಮ್ಮ ಬದಿಗೆ ಸೂರ್ಯ ಸಮುದ್ರಕ್ಕೆ ಮುಳುಗೂದೇ ನೋಡಿದ್ದು ಅಕ್ಕಾ, ಐವತ್ತೈದು ವರ್ಷ. ಸಮುದ್ರದಿಂದ ಏಳೂದು ಒಂದ್ಸಲ ನೋಡ್ವ."

"ನೀವು ಹೂಂ ಅಂದ್ರೆ ಮಾತ್ರ ಇವಳು ಹೊರಡೂದಂತೆ" ಎಂದ ಕೃಷ್ಣಾನಂದ. "ನಿಮ್ಮ ಮೇಲೇ ಬಿಟ್ಟೆ ಅತ್ತಿಗೆ."

ಬಿಟ್ಟನಂತೆ. ಜಾಣ. ಹೋಗಿ ಏನಾದರೂ ಆದರೆ ಹೂಂ ಅಂದವಳು ನಾನು. ಹೋಗದಿದ್ದರೆ ತಂಗಿಯ ಆಸೆಗೆ ಕಲ್ಲು ಹಾಕಿದವಳು ನಾನು.

ಇಲ್ಲ ಅಂದೆ. ಪರದೆಯಲ್ಲಿ ಅವಳ ಮುಖ ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ನೆಟ್‌ವರ್ಕ್ ಇತ್ತು.

ಡಿಸೆಂಬರ್ 11

ಇಲ್ಲ ಅಂದರೂ ಕೆಲಸ ಸಾಗಿದೆ. ವಾಟ್ಸಾಪಿನಲ್ಲಿ ಹದಿನಾಲ್ಕು ಫೋಟೊ. ಗಾಡಿಯ ಒಳಗಿನ ಕೆಲಸಕ್ಕೆ ಕೃಷ್ಣಾನಂದ ಹಿಡಿದದ್ದು ಯಾರನ್ನು? ತದಡಿಯ ವೆಂಕಟನನ್ನು. ಜನ್ಮವಿಡೀ ಬೋಟು ಕಟ್ಟಿದ ಬಡಗಿ. ಕುರ್ಚಿ ಮಾಡು ಎಂದರೂ ತೇಲುತ್ತದೆಯೇ ಎಂದು ನೋಡುವ ಆಸಾಮಿ.

ಮಾಡಿದ್ದೂ ಹಾಗೆಯೇ. ಹಲಸಿನ ಹಲಗೆ, ಬೋಟಿನ ಕೊಕ್ಕೆ, ಬೋಟಿನ ಮಂಚ. ಸಂದುಗೊಂದಿಗೆಲ್ಲ ಹತ್ತಿ ತುರುಕಿ ಮೆತ್ತಿದ್ದಾನೆ. ಕಿಟಕಿ ಗಾಜಿನ ಸುತ್ತ ರಬ್ಬರು ಬಡಿದು ಸೀಲು. ತೆರೆಯಲು ಬರುವುದಿಲ್ಲ. ಕೇಳಿದೆ. ಕೃಷ್ಣಾನಂದ ಫೋನನ್ನು ಅವನ ಕೈಗೇ ಕೊಟ್ಟ.

"ಒಂದು ಹನಿ ನೀರು ಒಳಗೆ ಬಂದ್ರೆ ನನ್ನ ಹೆಸ್ರು ವೆಂಕಟ ಅಲ್ಲ ಅಕ್ಕೋರೆ."

ಇದು ರಸ್ತೆಯ ಮೇಲೆ ಹೋಗುವುದು ಮಾರಾಯ ಅಂದೆ. ಗಾಳಿ ಎಲ್ಲಿಂದ?

"ಎಸಿ ಇತ್ತಲ್ಲ?"

ಒಬ್ಬರ ಉಸಿರು ಮೂವರಿಗೂ ಪಾಲು. ಒಂದು ಕಿಟಕಿಯಾದರೂ ಬಿಚ್ಚು ಎಂದೆ. ಪಂಚಾಯತಿ ಚುನಾವಣೆ ಮುಗಿಯಲಿ ಅಂತೆ. ಬಡಗಿಗೂ ಪ್ರಚಾರ!

ಡಿಸೆಂಬರ್ 16, ಬುಧವಾರ

ಬ್ಯಾಂಕಿಗೆ ಹೋಗಲೇಬೇಕಾಯಿತು. ಜೀವಂತ ಇದ್ದೇನೆ ಎಂದು ಪಿಂಚಣಿಯವರಿಗೆ ಸಹಿ ಮಾಡಿ ಕೊಡಬೇಕು. ಐವತ್ತು ಮುದುಕರು ಒಂದೇ ಬಾಗಿಲಲ್ಲಿ. ಜೀವಂತ ಇದ್ದೇವೆ ಎಂದು ತೋರಿಸಲು ಒಬ್ಬರ ಮೇಲೊಬ್ಬರು ಬಿದ್ದು ಸಾಯುವವರು. ಒಬ್ಬ ನನ್ನ ಕುತ್ತಿಗೆಯ ಮೇಲೇ ಕೆಮ್ಮಿದ. ತಿರುಗಿ ನೋಡಿದೆ. "ಸೀತ ಅಷ್ಟೇ" ಎಂದ.

ಕೌಂಟರಿನಲ್ಲಿ ಫೋಟೊಗೆ ಹೋಲಿಸಬೇಕು, ಮಾಸ್ಕು ತೆಗೆಯಿರಿ ಅಂದರು. ತೆಗೆದೆ. ಕಂಪ್ಯೂಟರ್ ನಿಂತಿತ್ತು. ಅದು ಎದ್ದೇಳುವವರೆಗೆ ಹಾಗೇ ನಿಂತಿದ್ದೆ.

ಮನೆಗೆ ಬಂದು ಸೀರೆ ನೆನೆಹಾಕಿ ಮಿಂದೆ. ಎರಡು ಸಲ ಹಬೆ ತೆಗೆದುಕೊಂಡೆ.

ಡಿಸೆಂಬರ್ 20, ಭಾನುವಾರ. ಸಂಜೆ 5

ಟ್ರಯಲ್ ಅಂತೆ. ಗೇಟಿನೆದುರು ಗಾಡಿ ತಂದು ನಿಲ್ಲಿಸಿಯೇ ಬಿಟ್ಟರು. ಒಳಗಿನಿಂದ ಕವಿತಾ ಕೈ ಬೀಸುತ್ತಿದ್ದಾಳೆ. ಸೊರಗಿದ್ದಾಳೆ. ಕೂದಲಿಗೆ ಬಣ್ಣ ಹಚ್ಚುವುದು ಬಿಟ್ಟಿದ್ದಾಳೆ. ಫೋನಿನಲ್ಲಿ ಗೊತ್ತಾಗಿರಲಿಲ್ಲ. ಬೈಯಬೇಕು ಎಂದು ಇಳಿದವಳು ಚಪ್ಪಲಿ ಹಾಕಿಕೊಂಡು ಹತ್ತಿದೆ.

ಭಟ್ಕಳದವರೆಗೆ ಹೋಗಿ ಬಂದೆವು. ಶರಾವತಿ ಸೇತುವೆ ಮುಗಿಯುವುದರೊಳಗೆ ನಾಟಕ ಶುರು. ವೆಂಕಟ ಹಲಗೆಗಳಿಗೆಲ್ಲ ಮೀನೆಣ್ಣೆ ಬಳಿದಿದ್ದಾನೆ, ಬೋಟಿಗೆ ಬಳಿಯುವ ಹಾಗೆ. ಹುಳ ಹಿಡಿಯುವುದಿಲ್ಲವಂತೆ. ಕೃಷ್ಣಾನಂದ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಡ್ರೈವಿಂಗು. ಕವಿತಾಳ ಬಾಯಲ್ಲಿ ಲಿಂಬೆಹುಳಿ ಪೆಪ್ಪರಮೆಂಟು.

"ನಿಮಗೆ ನಾತ ಬರೂದಿಲ್ವ ಅತ್ತಿಗೆ?"

ನಾನು ತದಡಿಯಲ್ಲಿ ಹುಟ್ಟಿದವಳು, ನನಗೆಂಥ ನಾತ ಅಂದೆ. ನಿಜಕ್ಕೂ ಏನೂ ಬರಲಿಲ್ಲ. ಅಪ್ಪನ ದೋಣಿಗೂ ಇದೇ ಎಣ್ಣೆ. ಅದೇ ದೋಣಿಯ ಅನ್ನ ತಿಂದು ಬೆಳೆದವಳು ಇವಳೂ. ಕುಮಟಾದಲ್ಲಿ ಟೈಲ್ಸ್ ಹಾಕಿದ ಮನೆ ಆದದ್ದೇ ಮೂಗಿಗೆ ದೊಡ್ಡಸ್ತಿಕೆ ಬಂದುಬಿಟ್ಟಿತು. ಹಾಗೆಯೇ ಹೇಳಿದೆ ಕೂಡ. ಕವಿತಾ ಒಮ್ಮೆಲೇ ನನ್ನ ಮುಖ ನೋಡಿದಳು. ತಾಗಿರಬೇಕು. ತಾಗಲಿ.

ಸ್ವಲ್ಪ ಹೊತ್ತಿಗೆ ಅವಳೇ ಎದ್ದು ನನ್ನ ಪಕ್ಕಕ್ಕೆ ಬಂದು ಕೂತಳು. "ಮಾಸ್ಕು ತೆಗಿಯೇ ಅಕ್ಕಾ, ಮುಖ ನೋಡ್ದೆ ಎಷ್ಟು ದಿನ ಆತು." ಬೇಡ ಅಂದೆ. ತಾನೇ ನನ್ನ ಕಿವಿಯಿಂದ ಬಿಡಿಸಿದಳು. ನನ್ನ ಭುಜಕ್ಕೆ ತಲೆ ಇಟ್ಟು ಭಟ್ಕಳದವರೆಗೆ ನಿದ್ದೆ.

ಭಟ್ಕಳದಲ್ಲಿ ಬಿರಿಯಾನಿ ಪಾರ್ಸೆಲ್. ಅವರಿಬ್ಬರೂ ಬೆರಳು ನೆಕ್ಕಿದರು. ನನಗೆ ಸಪ್ಪೆ. ಭಟ್ಕಳದವರಿಗೂ ಬಿರಿಯಾನಿ ಮರೆತುಹೋಯಿತು ಎಂದೆ.

ಡಿಸೆಂಬರ್ 21

ಹೂಂ ಅಂದೆ.

ಫೋನು ಮಾಡಿ ಷರತ್ತು ಹಾಕಿದೆ. ಎರಡೂ ಬದಿ ಕಿಟಕಿ ತೆರೆಯುವ ಹಾಗಾಗಬೇಕು. ಆಕ್ಸಿಮೀಟರ್ ಬೇಕು. ದೇವಸ್ಥಾನ ಬೇಡ. ದಾರಿಯಲ್ಲಿ ಸಿಕ್ಕಿದ ಗೆಳೆಯರನ್ನೆಲ್ಲ ಕೃಷ್ಣಾನಂದ ತಬ್ಬಿಕೊಳ್ಳಬಾರದು. ಎಲ್ಲದಕ್ಕೂ "ಆತು ಅತ್ತಿಗೆ, ಆತು ಅತ್ತಿಗೆ." ಹಿಂದಿನಿಂದ ಕವಿತಾಳ ನಗು ಕೇಳುತ್ತಿತ್ತು.

ನನ್ನದು ಹುಚ್ಚು. ಇರಲಿ. ಈ ಮನೆಯಲ್ಲಿ ಒಂಬತ್ತು ತಿಂಗಳು ಗೋಡೆಗೆ ಪಾಠ ಮಾಡಿ ಸಾಕಾಗಿದೆ. ಮೈಕೈ ನೋವು. ಗಾಡಿಯ ಮಂಚದ್ದೇ ಕೆಲಸ.

ಡಿಸೆಂಬರ್ 23, ಬುಧವಾರ. ಬೆಳಿಗ್ಗೆ 10.30

ನಾಗಿ ಗೇಟಿನಿಂದ ಕೂಗಿದಳು. "ಅಕ್ಕೋರೆ, ಒಳಗೆ ಎಂತೋ ಸೀದುಹೋಗ್ತಾ ಇತ್ತು! ರಸ್ತೆವರೆಗೆ ಬಂತು!"

ಒಲೆಯ ಮೇಲೆ ಬಂಗಡೆ ಸಾರು. ತಳ ಹಿಡಿದು ಪಾತ್ರೆ ಕರಿ. ನಾನು ಮೂರಡಿ ದೂರದಲ್ಲಿ ಕೂತು ಪೇಪರು ಓದುತ್ತಿದ್ದೆ.

ಇಂಗಿನ ಡಬ್ಬಿ ತೆರೆದೆ. ಇಲ್ಲ. ಅಮೃತಾಂಜನ. ಕಣ್ಣುರಿ ಬಂತು, ವಾಸನೆ ಇಲ್ಲ. ಒಣಸಿಗಡಿಯ ಡಬ್ಬಿಗೆ ಮುಖ ಹಾಕಿ ಎಳೆದೆ. ಏನೂ ಇಲ್ಲ.

ತದಡಿಯಲ್ಲಿ ಹುಟ್ಟಿದವಳಂತೆ! ವಿಜ್ಞಾನದ ಟೀಚರಂತೆ! ಕತ್ತೆ.

ಮಾಸ್ಕಿಲ್ಲದೆ. ಗಾಳಿಯಿಲ್ಲದ ಡಬ್ಬಿಯಲ್ಲಿ. ಎರಡು ಗಂಟೆ. ನನ್ನ ಭುಜದ ಮೇಲೆ ಅವಳ ತಲೆ.

ಡಿಸೆಂಬರ್ 24

ಗಂಟಲು ದ್ರವ ಕೊಟ್ಟು ಬಂದೆ. ರಿಪೋರ್ಟಿಗೆ ಎರಡು ಮೂರು ದಿನ. ಟಿವಿಯಲ್ಲಿ ರಾತ್ರಿ ಕರ್ಫ್ಯೂ. ನಿನ್ನೆ ಹಾಕಿದರು, ಇವತ್ತು ತೆಗೆದರು. ಸರ್ಕಾರವೂ ಕೃಷ್ಣಾನಂದನ ಕೈಗೆ ಹೋಯಿತೋ ಏನೋ.

ಮಧ್ಯಾಹ್ನ ಕವಿತಾಳ ಫೋನು. ಸ್ವೆಟರ್ ಎಷ್ಟು, ಉಪ್ಪಿನಕಾಯಿ ಯಾವುದು. ಧ್ವನಿ ಸ್ವಲ್ಪ ಒಡೆದಿತ್ತು. ಸೀತವೇ ಎಂದು ಕೇಳಿದೆ. "ಎಂತ ಸೀತ? ಟಿವಿ ಜೋರಿತ್ತು" ಎಂದಳು.

ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ರಿಪೋರ್ಟು ಬರಲಿ, ಸುಮ್ಮನೆ ಹೆದರಿಸುವುದೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಒಂಬತ್ತು ತಿಂಗಳಿಂದ ಊರಿಗೆಲ್ಲ ಬೈದವಳು ನಾನು. ರೋಗ ಹೊತ್ತು ಹೋದದ್ದೂ ನಾನೇ ಎಂದು ಕೃಷ್ಣಾನಂದನ ಎದುರು ಹೇಳಲು ನಾಚಿಕೆಯಾಯಿತು. ಅಷ್ಟೇ. ತಂಗಿಯ ಉಸಿರಿಗಿಂತ ನನಗೆ ನನ್ನ ಮರ್ಯಾದೆ ದೊಡ್ಡದಾಯಿತು. ಮೂಗಿನ ಕೆಳಗೆ ಮಾಸ್ಕು ಹಾಕುವವರು ನನಗಿಂತ ಎಷ್ಟೋ ವಾಸಿ.

ಡಿಸೆಂಬರ್ 27, ಭಾನುವಾರ

ಪಾಸಿಟಿವ್. ಬೆಳಿಗ್ಗೆ ಎಂಟಕ್ಕೆ ಮೆಸೇಜು. ಆಶಾ ಕಾರ್ಯಕರ್ತೆ ಬಂದು ಗೇಟಿನಾಚೆ ನಿಂತು ಹೇಳಿಹೋದಳು, ಜನವರಿ ಮೊದಲ ವಾರದವರೆಗೆ ಹೊಸಿಲು ದಾಟಬಾರದು. ನನ್ನ ವಿದ್ಯಾರ್ಥಿನಿಯೇ. ಮಾಸ್ಕು ಸರಿಯಾಗಿ ಹಾಕಿದ್ದಳು.

ಕವಿತಾಗೆ ಫೋನು ಮಾಡಿದೆ. ಒಂದೇ ಉಸಿರಿಗೆ ಹೇಳಿದೆ. ಅವಳು ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತು.

"ನಂಗೆ ಅವತ್ತೇ ಗೊತ್ತಾತು ಅಕ್ಕಾ. ಎಣ್ಣೆ ನಾತ ಬರೂದಿಲ್ಲ ಹೇಳಿದ್ಯಲ್ಲ. ಅಷ್ಟು ನಾತಕ್ಕೆ ಸತ್ತವ್ರೂ ಎದ್ದು ಕೂರ್ತ್ರು."

ಮತ್ತೆ ಯಾಕೆ ಪಕ್ಕಕ್ಕೆ ಬಂದು ಕೂತೆ? ಕೂಗಿದೆ. ಮಾಸ್ಕು ಯಾಕೆ ತೆಗೆದೆ? ಕಿರುಚಿದೆ, ಅವಳು ಹನ್ನೊಂದು ವರ್ಷದವಳೇನೋ ಎಂಬಂತೆ.

"ಹತ್ತಿ ಕೂತು ಅರ್ಧ ಗಂಟೆ ಆಗಿತ್ತು, ಬರೂದಿದ್ರೆ ಆಗ್ಲೇ ಬಂದಿರ್ತು. ನಾ ಹೇಳಿದ್ರೆ ನೀ ಸೇತುವೆ ಮೇಲೇ ಇಳ್ದು ನಡ್ಕಂಡು ಮನೆಗೆ ಹೋಗ್ತಿದ್ದೆ. ಮತ್ತೆ ಒಂಬತ್ತು ತಿಂಗಳು ಬಾಗ್ಲು ಹಾಕ್ಕಂಡು ಕೂರ್ತಿದ್ದೆ." ಉಸಿರು ತೆಗೆದುಕೊಂಡಳು. "ನಂಗೆ ಸಾಕಾಗಿತ್ತು ಅಕ್ಕಾ."

ಅವಳಿಗೆ ಜ್ವರ 24ರಿಂದಲೂ ಇದೆ. ನಾನು ಟ್ರಿಪ್ಪು ನಿಲ್ಲಿಸಿಬಿಡುತ್ತೇನೆ ಎಂದು ಮುಚ್ಚಿಟ್ಟಿದ್ದಳಂತೆ. ಅವಳೂ ಮುಚ್ಚಿಟ್ಟಳು, ನಾನೂ ಮುಚ್ಚಿಟ್ಟೆ. ಮೂರು ದಿನ ಹಾಳು. ಬುದ್ಧಿಯಲ್ಲಿ ಅಕ್ಕತಂಗಿಯರಿಬ್ಬರೂ ಒಂದೇ ಅಚ್ಚು.

ಈ ಕಥೆಯಲ್ಲಿ ತಪ್ಪು ಮಾಡದವನು ಕೃಷ್ಣಾನಂದ ಒಬ್ಬನೇ. ಅದನ್ನು ಬರೆಯಬೇಕಾಗಿ ಬಂತಲ್ಲ.

ಡಿಸೆಂಬರ್ 29, ಮಂಗಳವಾರ. ಬೆಳಿಗ್ಗೆ 10

ಕವಿತಾಳ ಆಕ್ಸಿಜನ್ 90. ಕುಮಟಾದ ಡಾಕ್ಟರು ಕೂಡಲೇ ಮಂಗಳೂರಿಗೆ ಅಂದಿದ್ದಾರೆ. ಅಲ್ಲಿ ಬೆಡ್ಡು ಹೇಳಿಟ್ಟಿದ್ದಾರೆ. ಆಂಬುಲೆನ್ಸು ಬರುವುದು ಮಧ್ಯಾಹ್ನ ದಾಟುತ್ತದಂತೆ. ಕೃಷ್ಣಾನಂದ ಕಾಯಲಿಲ್ಲ. ಗಾಡಿಯಲ್ಲಿ ಮಂಚ ಇದೆಯಲ್ಲ. ಡಾಕ್ಟರೇ ಸಿಲಿಂಡರ್ ಕೊಟ್ಟು ಹೂಂ ಅಂದರು. ವೆಂಕಟ ಸುದ್ದಿ ಕೇಳಿದ್ದೇ ತದಡಿಯಿಂದ ಬಂದು ಉಳಿ ಹಿಡಿದು ಕಿಟಕಿ ಗಾಜುಗಳನ್ನೆಲ್ಲ ಕಿತ್ತು ಹಾಕಿದ್ದಾನೆ. ಸಿಲಿಂಡರನ್ನು ಬೋಟಿನ ಗಂಟು ಹಾಕಿ ಕಟ್ಟಿದ್ದಾನೆ. ಅದು ಬಿಚ್ಚುವುದಿಲ್ಲ. ಅಷ್ಟು ನಂಬಿಕೆ ಅವನ ಮೇಲೆ ನನಗಿದೆ.

ಒಂಬತ್ತೂ ಮುಕ್ಕಾಲಿಗೆ ಕೃಷ್ಣಾನಂದನ ಫೋನು. ಅವನಿಗೆ ನೆಗೆಟಿವ್ ಬಂದಿದೆ. ಅಳುತ್ತಿದ್ದ. "ಹಿಂದೆ ಯಾರು ಕೂರೂದು ಅತ್ತಿಗೆ? ನಾ ಗಾಡಿ ಹೊಡೀಬೇಕು. ಆಕ್ಸಿಜನ್ ಮಾಸ್ಕು ಜಾರಿದ್ರೆ ಹಿಡಿಯೂಕೆ ಒಬ್ರು ಬೇಕು. ಯಾರೂ ಬರೂದಿಲ್ಲ."

ಯಾರೂ ಬರುವುದಿಲ್ಲ, ಬರಲೂ ಬಾರದು. ಹೊನ್ನಾವರ, ಕುಮಟಾ ಎರಡೂ ತಾಲೂಕು ಜಾಲಾಡಿದರೂ ಆ ಗಾಡಿ ಹತ್ತುವ ಯೋಗ್ಯತೆ ಇರುವವಳು ನಾನೊಬ್ಬಳೇ. ನನಗೆ ಬಂದಿದ್ದ ಜ್ವರ ಇಳಿದಿದೆ. ಮೈಕೈ ನೋವೂ ಇಲ್ಲ. ನನ್ನಿಂದ ಅವಳಿಗೆ ಇನ್ನು ತಗಲುವುದಕ್ಕೆ ಏನು ಉಳಿದಿದೆ?

ಹೊಸಿಲು ದಾಟಬಾರದು. ಗೊತ್ತು. ನಿಯಮ ನನಗೆ ಯಾರೂ ಕಲಿಸಬೇಕಿಲ್ಲ. ಆ ಆಶಾ ಹುಡುಗಿಗೆ ಫೋನು ಮಾಡಿ ಹೇಳಿದೆ, ಬರೆದುಕೋ, ಶ್ರೀಮತಿ ಅಕ್ಕೋರು ನಿಯಮ ಮುರಿದರು ಎಂದು. "ಹುಷಾರು ಅಕ್ಕೋರೆ" ಎಂದಳು.

10.25

ಕುಮಟಾ ಬಿಟ್ಟಿದ್ದಾರೆ. ಚೀಲ ಬಾಗಿಲಲ್ಲಿದೆ. ಎರಡು ಸೀರೆ, ಬಿಸಿನೀರಿನ ಫ್ಲಾಸ್ಕು, ಎರಡು ಮಾಸ್ಕು ಒಂದರ ಮೇಲೊಂದು. ದಾರಿಯಲ್ಲಿ ಎಲ್ಲಿಯೂ ಇಳಿಯುವುದಿಲ್ಲ. ಕವಿತಾ ಮಾತಾಡಬಾರದು, ಉಸಿರಾಡಿದರೆ ಸಾಕು. ಮಾತಿಗೆ ನಾನಿದ್ದೇನೆ. ಭಟ್ಕಳದವರೆಗೆ ಕೃಷ್ಣಾನಂದನಿಗೆ ಬೈಯುತ್ತೇನೆ, ಅವಳಿಗೆ ಅದು ಕೇಳಿ ಅಭ್ಯಾಸ. ಆಮೇಲೆ ಅವಳಿಗೆ ಹೇಳಬೇಕಾದದ್ದು ಒಂದಿದೆ. ಮೂವತ್ತೊಂದು ವರ್ಷ ಮಕ್ಕಳಿಂದ ಹೇಳಿಸಿದೆ, ತಪ್ಪಾಯಿತು ಅನ್ನು, ಜೋರಾಗಿ ಅನ್ನು ಎಂದು. ನಾನು ಯಾರಿಗೂ ಒಮ್ಮೆಯೂ

ಹಾರ್ನ್. ಬಂದರು. ಇಷ್ಟು ಬೇಗ? ಎಷ್ಟು ಜೋರು ಹೊಡೆದನೋ, ಅವಳು ಹೇಗೆ ಇದ್ದಾಳೋ —