ತೊಟ್ಟಿಯ ನೀರು ಕುಡಿದ ಚಾಕು

ಉಸ್ತಾದರೇ,

ಮೊದಲು ಸಲಾಂ, ಆಮೇಲೆ ಜಗಳ. ಮಣ್ಣಿಗೆ ಹೋದವರ ಮೇಲೆ ಕೋಪ ಇಟ್ಟುಕೊಳ್ಳಬಾರದಂತೆ. ಹಾಗೆ ಹೇಳುವವರು ಯಾರೂ ನಿಮ್ಮ ಕುಲುಮೆಯಲ್ಲಿ ಏಳು ವರ್ಷ ಸುತ್ತಿಗೆ ಹೊಡೆದವರಲ್ಲ.

ತುರ್ತು ಪರಿಸ್ಥಿತಿ ಮುಗಿದ ವರ್ಷ, ಗಣಿಯಿಂದ ನಿವೃತ್ತರಾದ ಸಾಹೇಬರೊಬ್ಬರು ಅಮೆರಿಕದ ಪತ್ರಿಕೆಯ ಹಾಳೆಯೊಂದನ್ನು ಹಿಡಿದು ನಮ್ಮೂರು ವಕ್ಕಲೇರಿಗೆ ಬಂದದ್ದು ನೆನಪಿದೆಯೇ? ಅದರ ಚಿತ್ರದಲ್ಲಿದ್ದಂಥದ್ದೇ ಬೇಕೆಂದರು: ಮೊಳದುದ್ದದ ಅಲಗು, ತುದಿಯಲ್ಲಿ ಬೆನ್ನು ಒಳಕ್ಕೆ ಬಾಗಿದ ಬೋವೀ ಚಾಕು. 'ಕುರಿ ಕೊಯ್ಯೋಕೆ ಇಷ್ಟು ಶೋಕಿ ಯಾಕೆ ಸಾಹೇಬ್ರೇ' ಎಂದು ನಕ್ಕಿರಿ. ಒಪ್ಪಿಕೊಂಡವನು ನಾನು. ಲಾರಿಯ ಕಮಾನು ಪಟ್ಟೆ ತಂದು, ಕಾಯಿಸಿ ಬಡಿದು, ಮೂರು ದಿನದಲ್ಲಿ ಅಲಗು ಎಳೆದೆ.

ಕಾದ ಅಲಗನ್ನು ಅದ್ದಿ ಹದ ಹಾಕುವ ದಿನ ನಮ್ಮಿಬ್ಬರಿಗೂ ಮಾತು ಬಂತು. ನಿಮ್ಮ ಅಜ್ಜ ಕೆತ್ತಿಸಿದ ಕಲ್ಲಿನ ತೊಟ್ಟಿಯಲ್ಲಿ ಮುಳುಗದೆ ಯಾವ ಹೊಸ ಅಲಗೂ ಆ ಕುಲುಮೆಯ ಹೊಸಿಲು ದಾಟುವಂತಿರಲಿಲ್ಲ. ಕುಡುಗೋಲಿಗೆ ನೀರು ಸರಿ, ಕಮಾನು ಪಟ್ಟೆ ನೀರಿಗೆ ಸೀಳುತ್ತದೆ, ಇದಕ್ಕೆ ಹೊಂಗೆ ಎಣ್ಣೆಯೇ ಬೇಕು ಎಂದೆ. 'ನಮ್ಮ ದಾದಾ ತೊಟ್ಟಿಗಿಂತ ನಿನ್ನ ಎಣ್ಣೆ ದೊಡ್ಡದೇನ್ಲಾ?' ಎಂದಿರಿ. ನಾನು ಡಬ್ಬ ಹಿಡಿದು ಗಾಣಕ್ಕೆ ಹೋದೆ. ಹಿಂದಿರುಗಿದಾಗ ಅಲಗು ಬೆಂಕಿಯಲ್ಲಿ ಕೆಂಪಗಿತ್ತು, ನೀವೇ ತಿದಿ ಒತ್ತುತ್ತಿದ್ದಿರಿ. ಸೋತು ಒಪ್ಪಿದಿರಿ ಅಂದುಕೊಂಡು ಅಲಗನ್ನು ಎಣ್ಣೆಗೆ ಅದ್ದಿದೆ. ಎಂಥ ದಡ್ಡ...

ಪರೀಕ್ಷೆಯ ದಿನ ಅರ್ಧ ಊರೇ ಬೇವಿನ ಮರದ ಕೆಳಗಿತ್ತು. ನೇತುಹಾಕಿದ ತೆಂಗಿನ ಹಗ್ಗ ಒಂದೇ ಏಟಿಗೆ ತುಂಡಾಯಿತು. ಹುಣಸೆ ಕೊರಡಿಗೆ ನಲವತ್ತು ಏಟು ಹಾಕಿದೆ, ಅದೇ ಬಾಯಿಯಿಂದ ಮೊಣಕೈ ಕೆಳಗಿನ ಕೂದಲು ಬೋಳಿಸಿ ತೋರಿಸಿದೆ. ಉಳಿದದ್ದು ಬಗ್ಗಿಸುವುದು. ತುದಿಯನ್ನು ಇಕ್ಕಳಕ್ಕೆ ಕಚ್ಚಿಸುತ್ತಿದ್ದಂತೆ ನೀವೊಬ್ಬರೇ ನಾಲ್ಕು ಹೆಜ್ಜೆ ಹಿಂದೆ ಸರಿದಿರಿ. ನೋಡಿದೆ, ಆದರೂ ಬಗ್ಗಿಸಿದೆ. ಅಲಗು ಎರಡಾಯಿತು. ಸಾಹೇಬರು ಹಾಳೆ ಮಡಚಿಕೊಂಡು ಹೊರಟರು. ನೀವು ಎಲ್ಲರಿಗೂ ಕೇಳುವಂತೆ ಹೇಳಿದಿರಿ: 'ಕೈಗುಣ ಕಣೋ. ಕೆಲವರ ಕೈಗೆ ಕಬ್ಬಿಣ ಒಲಿಯಲ್ಲ.'

ಆ ಮಾತು ವೇಮಗಲ್ ದಾಟಿ ಹೋಯಿತು. ನನಗೆ ಮುರುಕ ಎಂಬ ಹೆಸರು ಬಿತ್ತು. ಮುರುಕನಿಂದ ಮಚ್ಚು ಮಾಡಿಸುವವರು ಯಾರು? ಮಾಲೂರಿಗೆ ಹೋಗಿ ಕಾರ್ಖಾನೆಯ ಕುಡುಗೋಲುಗಳನ್ನು ಹೊಗಳಿ ಮಾರಲು ಕೂತೆ. ಕೈ ಹೋಯಿತು, ಬಾಯಿ ಬೆಳೆಯಿತು. ಹತ್ತು ವರ್ಷ, ಉಸ್ತಾದರೇ, ಕಂಡವರ ಕಬ್ಬಿಣಕ್ಕೆ ನನ್ನ ನಾಲಿಗೆಯಿಂದ ಸಾಣೆ ಹಿಡಿದೆ.

ನಿಮ್ಮ ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ಬಂದವನನ್ನು ನಿಮ್ಮ ಬೀಬಿ, ನಮ್ಮ ಅಮ್ಮಾಜಾನ್, ಕುಲುಮೆಗೆ ಕರೆದು, ಎಣ್ಣೆಬಟ್ಟೆಯ ಗಂಟೊಂದನ್ನು ಕೈಗಿಟ್ಟರು. ಒಳಗೆ ಆ ಚಾಕುವಿನ ಎರಡೂ ತುಂಡು. ಮುರಿದ ಜಾಗದ ಒಳಮೈ ನೋಡಿದೆ. ಮುಕ್ಕಾಲು ಭಾಗ ಬೆಳ್ಳಗಿತ್ತು, ಅಂಚಿನ ಕಾಲು ಭಾಗ ಇದ್ದಿಲಿನಂತೆ ಕಪ್ಪು. ಅವತ್ತೇ ಬಿಟ್ಟ ಬಿರುಕು ಕಪ್ಪಾಗುವುದಿಲ್ಲ. ಸೀಳಿದ ಮೇಲೆ ಮತ್ತೆ ಬೆಂಕಿ ಕಂಡದ್ದು ಮಾತ್ರ ಕಪ್ಪಾಗುತ್ತದೆ. ಇದನ್ನು ನನಗೆ ಕಲಿಸಿದವರು ನೀವೇ ಅಲ್ಲವೇ?

ಅಮ್ಮಾಜಾನ್ ತಲೆ ತಗ್ಗಿಸಿದರು. 'ನೀನು ಗಾಣಕ್ಕೆ ಹೋದಾಗ ತೊಟ್ಟಿಗೆ ಅದ್ದಿದ್ರು ಬೇಟಾ. ಟಿಣ್ ಅಂತು. ನಂಗೇ ಕೇಳಿಸ್ತು. ಅವತ್ತಿಂದ ಕಮಾನು ಪಟ್ಟೆನ ಎಣ್ಣೆಗೇ ಹಾಕೋರು.'

ಅಂದರೆ ನನ್ನ ಮಾತು ನಿಜವೆಂದು ನಿಮಗೆ ಗೊತ್ತಿತ್ತು. ಹತ್ತು ವರ್ಷ ನನ್ನ ಎಣ್ಣೆಯಲ್ಲೇ ಹದ ಹಾಕಿದಿರಿ. ತುಂಡುಗಳಿಗೆ ತುಕ್ಕು ಹಿಡಿಯದಂತೆ ಒರೆಸಿಟ್ಟಿರಿ. ಮಾಲೂರಿನ ಬಸ್ಸು ಮಾತ್ರ ಹತ್ತಲಿಲ್ಲ. ಒಂದು ಮಾತು ಹೇಳಿದ್ದರೆ ನಿಮ್ಮ ಗಡ್ಡ ಉದುರುತ್ತಿತ್ತೇ?

ಸುದ್ದಿ ಕೇಳಿ. ನಿಮ್ಮದೇ ಕುಲುಮೆಯಲ್ಲಿ, ನೀವು ಉಳಿಸಿಹೋದ ಹೊಂಗೆ ಎಣ್ಣೆಯಲ್ಲಿ, ಮೊನ್ನೆ ಅದೇ ಮಾದರಿಯ ಹೊಸ ಚಾಕು ಮಾಡಿದೆ. ಹಗ್ಗ, ಕೊರಡು, ಕೂದಲು, ಎಲ್ಲ ಆಯಿತು. ಇಕ್ಕಳಕ್ಕೆ ಕಚ್ಚಿಸಿ ಬಗ್ಗಿಸಿದೆ, ಬಿಟ್ಟೊಡನೆ ನೆಟ್ಟಗಾಯಿತು. ಅಮ್ಮಾಜಾನ್ ಅತ್ತರು, ನಾನು ಅಳಲಿಲ್ಲ. ಇನ್ನು ಮೇಲೆ ಆ ಕುಲುಮೆ ನಡೆಸುವವನು ನಾನು. ಹಳೆಯ ತುಂಡುಗಳು ಬಾಗಿಲಲ್ಲೇ ತೂಗುತ್ತವೆ. ಕೇಳಿದವರಿಗೆಲ್ಲ ಆ ಕಪ್ಪು ಯಾರದೆಂದು ಹೇಳುತ್ತೇನೆ, ತಿಳಿದಿರಲಿ. ನಿಮ್ಮ ದಾದಾ ತೊಟ್ಟಿಯನ್ನು ಪಕ್ಕದ ಮನೆಯ ಎಮ್ಮೆಗೆ ಬಿಟ್ಟುಕೊಟ್ಟಿದ್ದೇನೆ. ಅದಕ್ಕೆ ಆ ನೀರು ಒಗ್ಗಿದೆ.