ಶಕುಂತಲಾ ಹಡಪದರ ಹೆಸರು ಅಳಿಸಿದ್ದು

ಮೂರನೆಯ ಬಾಗಲಕೋಟೆ
ಅಧಿಕ ಫೆಬ್ರವರಿ ೩೦, ೨೩೯೧

ಮಾನ್ಯ ಶಕುಂತಲಾ ಹಡಪದ ಅವರಿಗೆ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಇಲ್ಲಿನ ಜಲಕಚೇರಿಯ ಸುತ್ತಂದಾಜುಗಾರ್ತಿ. ನಮ್ಮ ಯಂತ್ರಗಳು ಬಿಸಿಲಿದ್ದಷ್ಟು ಹೊತ್ತು, ಅದೂ ನಿಧಾನವಾಗಿ ಓಡುತ್ತವೆ. ಹಾಗಾಗಿ ಯಾವುದೇ ಕೋಡನ್ನು ಓಡಿಸುವ ಮೊದಲು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಅದರ ಲೂಪುಗಳು ಎಷ್ಟು ಸುತ್ತು ಹಾಕುತ್ತವೆಂದು ಅಂದಾಜು ಮಾಡಿ ಹೇಳುವುದು ನನ್ನ ಕೆಲಸ. ನೀವು ಬರೆದ ಸ್ಟೈಲ್‌ಶೀಟ್ ಎಂಬ ಕೋಡು ಮನೆಗಳ ಪಟ್ಟಿಯನ್ನು ನೀರುಚೀಟಿಗಳಾಗಿ ಮಾರ್ಪಡಿಸುತ್ತದೆ. ಚೀಟಿ ಬಾರದೆ ನಮ್ಮಲ್ಲಿ ನಲ್ಲಿ ತೆರೆಯುವುದಿಲ್ಲ. ಹಳೆಯ ಕೋಡನ್ನು ಓಡಿಸುವ ಮುನ್ನ ಬರೆದವರ ಹೆಸರು ಹೇಳಿ ಕೈಮುಗಿಯುವುದು ಕಚೇರಿಯ ಪದ್ಧತಿ. ಹತ್ತು ವರ್ಷ ದಿನಾಲೂ ನಿಮ್ಮ ಹೆಸರು ಹೇಳಿದ್ದೇನೆ.

ಈ ವರ್ಷ ಓಣಿಗೊಂದರಂತಿದ್ದ ಪಟ್ಟಿಗಳನ್ನೆಲ್ಲ ಒಂದು ಮಾಡಿದರು. ಅರವತ್ತು ಮನೆಯಿದ್ದದ್ದು ಒಂಬತ್ತು ಸಾವಿರವಾಯಿತು. ಪ್ರತಿ ಮನೆಗೂ ಇಡೀ ಪಟ್ಟಿಯನ್ನು ಮೊದಲಿನಿಂದ ಹುಡುಕುವ, ಲೂಪಿನೊಳಗೊಂದು ಲೂಪು ನಿಮ್ಮ ಕೋಡಿನದು. ಗುಣಿಸಿದರೆ ಎಂಟು ಕೋಟಿ ಹತ್ತು ಲಕ್ಷ ಸುತ್ತು. ಅವತ್ತು ತವರಿಗೆ ಹೋಗುವ ಗಡಿಬಿಡಿ ನನಗೆ. ಗುಣಿಸುವ ಬದಲು ಕೂಡಿಸಿ, ಹದಿನೆಂಟು ಸಾವಿರ ಎಂದು ಬರೆದು ರುಜು ಹಾಕಿದೆ. ನಿಮ್ಮ ಕಾಲದ ಯಂತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಿತ್ತೇನೋ. ನಮ್ಮದು ಮೂರು ದಿನ ತಿಣುಕಿತು. ಊರಿಗೆ ನೀರಿಲ್ಲ. ಎದುರುಮನೆಯ ಗಂಗವ್ವ ಬಾಣಂತಿ ಮಗಳಿಗೆ ಹಾಳುಬಾವಿಯ ನೀರು ಕುಡಿಸಿದಳು. ಮಗಳು ಬದುಕಿದಳು, ಎದೆಹಾಲು ಬತ್ತಿತು.

ವಿಚಾರಣೆಯಲ್ಲಿ ತಪ್ಪು ಯಾರದೆಂದು ಕೇಳಿದರು. ಕೋಡು ಬರೆದವರದು ಅಂದುಬಿಟ್ಟೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಹಾಗೆ. ನಿಮಗೆ ಹೆಸರಳಿಕೆಯ ಶಿಕ್ಷೆಯಾಯಿತು: ನೀವು ಬರೆದ ಎಲ್ಲದರಿಂದಲೂ ನಿಮ್ಮ ಹೆಸರು ತೆಗೆದರು, ಅದನ್ನು ಇನ್ನು ಯಾರೂ ಹೇಳುವಂತಿಲ್ಲ. ನನ್ನ ಮುಖ ನೋಡಿದ ಮೇಲಧಿಕಾರಿ ಮಲ್ಲೇಶಪ್ಪನವರು, "ಇರ್ಲಿ ಬಿಡವಾ, ಸತ್ತು ಮುನ್ನೂರು ವರ್ಷ ಆದಾಕಿಗೆ ಏನು ನೋವಾಗತೈತಿ?" ಎಂದರು. ನೆಲ ಬಾಯಿಬಿಡಬಾರದೇ ಅನಿಸಿತು. ಆದರೂ ಹೊಟ್ಟೆಪಾಡು ನೆನೆದು ಮರುದಿನ ಎಂದಿನಂತೆ ಕೆಲಸಕ್ಕೆ ಹೋದೆ.

ನಿಮ್ಮ ಕೋಡಿನಲ್ಲಿ ಆ ಲೂಪಿನ ಮೇಲೆಯೇ ಒಂದು ಸಾಲಿತ್ತು: "ನೂರು ಮನೆಗಿಂತ ದೊಡ್ಡ ಪಟ್ಟಿ ಕೊಡಬೇಡಿ, ಸುತ್ತುಗಳು ಗುಣಿಸುತ್ತವೆ." ವಿಚಾರಣೆಗೆ ಮುಂಚೆ ಅದನ್ನು ಅಳಿಸಿದವಳು ನಾನೇ. ಇವತ್ತು ಇದೆಲ್ಲ ಕಚೇರಿಗೆ ಬರೆದು ಕೊಟ್ಟು ಬಂದೆ. ನಿಮ್ಮ ಹೆಸರು ಮರಳುತ್ತದೆ, ನನ್ನದು ಹೋಗುತ್ತದೆ.

ಇದು ಹಿಂದಿನ ನಿಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ಆ ಸಾಲನ್ನು ನೀವಿನ್ನೂ ಬರೆದಿರಲಿಕ್ಕಿಲ್ಲ. ಬರೆಯುವಾಗ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದು ಬೇಡಿಕೊಳ್ಳಲು ಈ ಕಾಗದ ಶುರುಮಾಡಿದೆ. ನೋಡಿ, ಮತ್ತೆ ತಪ್ಪನ್ನು ನಿಮ್ಮ ಮೇಲೆಯೇ ಹಾಕುತ್ತಿದ್ದೇನೆ. ಬೇಡ, ಇದ್ದ ಅಕ್ಷರವೇ ಸಾಕಿತ್ತು. ರುಜು ಹಾಕುವ ಮುಂಚೆ ನಾನದನ್ನು ಓದಿದ್ದೆ.

ದಾಕ್ಷಾಯಣಿ ಗಾಣಿಗೇರ