ಯಾರು ಯಾರಿಗೆ ಹೇಳಿದ್ದು

ಮಾರ್ಚ್ 3, ಸೋಮವಾರ

ಫೋನ್ ಎತ್ತಿದೆ. "ಲಿಫ್ಟ್ ಸರ್ವಿಸ್, ಹೇಳಿ." ಬಾಯಿ ತಾನಾಗಿಯೇ ಆಡಿತು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯುತ್ತಿಲ್ಲವಂತೆ. ಕಂಪ್ಯೂಟರಿಗೆ ಹಾಕಿದೆ, ಮೆಕ್ಯಾನಿಕ್‌ಗೆ ಹೇಳಿದೆ. ಇನ್ನೊಂದು ಫೋನ್.

ನಮ್ಮ ಯಜಮಾನರು ಹೋದ ಮೇಲೆ ಇವತ್ತೇ ಮೊದಲ ಡ್ಯೂಟಿ. ಒಬ್ಬೊಬ್ಬರಾಗಿ ಬಂದು ಟೇಬಲ್ ಮುಂದೆ ನಿಂತು ಹೋದರು. "ಧೈರ್ಯ ತಂದ್ಕೊಳ್ಳಿ." ಎಲ್ಲಿಂದ ತರುವುದು ಅಂತ ಕೇಳಬೇಕೆನಿಸಿತು... ಹೂಂ ಅಂದೆ. ಪಕ್ಕದ ಸೀಟಿನವಳು ಅತ್ತೇಬಿಟ್ಟಳು. ನನ್ನ ಕಣ್ಣಲ್ಲಿ ನೀರಿಲ್ಲ. ನಾನೇ ಅವಳ ಬೆನ್ನು ಸವರಿದೆ.

ಹಿರಿಯ ಮೆಕ್ಯಾನಿಕ್ ಮಾತ್ರ ಹತ್ತಿರ ಸುಳಿಯಲಿಲ್ಲ. ಮಾತಿಗೆ ಮೊದಲು ಗುರ್ ಅನ್ನುವ ಆಸಾಮಿ. ಆಫೀಸಿನಲ್ಲೆಲ್ಲ ಗುರ್ರಣ್ಣ ಅಂತಲೇ ಹೆಸರು. ದೂರದಿಂದಲೇ, "ಬಂದ್ರಾ? ಅಡ್ರೆಸ್ ಸರಿಯಾಗಿ ಹೇಳಿ. ನೀವು ಹೇಳಿದ ಬೀದೀಲಿ ಆ ಬಿಲ್ಡಿಂಗೇ ಇಲ್ಲ."

ಕಲ್ಲು ಮನುಷ್ಯ.

ಮಾರ್ಚ್ 6

ಊಟದ ಡಬ್ಬಿ ಮನೆಯಲ್ಲೇ ಮರೆತೆ. ಪಕ್ಕದವಳು ತನ್ನದರಲ್ಲಿ ಅರ್ಧ ಕೊಟ್ಟಳು. "ಅಕ್ಕಾ, ಎಲ್ಲಾ ಒಳಗೇ ಇಟ್ಕೋಬೇಡಿ. ನನ್ನ ಹತ್ರ ಹೇಳ್ಕೊಳ್ಳಿ."

ಹೇಳಿದೆ. ನಲ್ಲಿ ಬಿಟ್ಟು, ಬಕೆಟ್ ತುಂಬಿ ಹರಿಯುವುದನ್ನೇ ನೋಡುತ್ತ ನಿಂತದ್ದು. ಮಗಳನ್ನು ಸ್ಕೂಲಿನಿಂದ ಕರೆತರುವುದನ್ನೇ ಮರೆತದ್ದು. ಕೈ ಹಿಡಿದುಕೊಂಡು ಕೇಳಿದಳು. ಒಳ್ಳೆಯ ಹುಡುಗಿ.

ಮಾರ್ಚ್ 11

ಮ್ಯಾನೇಜರ್ ಕರೆದರು. "ಮರೆವು ಜಾಸ್ತಿ ಆಗಿದೆಯಂತಲ್ಲಮ್ಮ? ನಲ್ಲಿ ಬಿಟ್ಟು ಹಾಗೇ ನಿಂತ್ಕೊಂಡುಬಿಡ್ತೀರಂತೆ?"

ನಲ್ಲಿಯ ವಿಷಯ ಹೇಳಿದ್ದು ಒಬ್ಬಳಿಗೇ.

ಏಪ್ರಿಲಿನಿಂದ ನಾನು ಸೆಕ್ಷನ್ ಹೆಡ್ ಆಗಬೇಕಿತ್ತು. "ಈ ವರ್ಷ ಬೇಡ ಬಿಡಿ, ನಿಮಗೆ ಭಾರ ಆಗುತ್ತೆ." ಸೀಟಿಗೆ ವಾಪಸು ಬಂದೆ. "ಏನಂದ್ರು ಅಕ್ಕಾ?" ಅಂದಳು. ಏನಿಲ್ಲ ಅಂದೆ. ಸಿಟ್ಟು ಬರಬೇಕಿತ್ತು. ಕಾದೆ. ಬರಲಿಲ್ಲ.

ಮಾರ್ಚ್ 19

ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು, ಬಾಗಿಲು ತೆರೆದುಕೊಂಡಿದೆ. ಒಳಗಿದ್ದ ವಯಸ್ಸಾದ ಟೀಚರ್ ಇಳಿಯಲು ಹೋಗಿ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ.

ಬಾಗಿಲು ಸರಿಯಿಲ್ಲ ಅಂತ ನಿನ್ನೆಯೇ ಫೋನ್ ಮಾಡಿದ್ದರಂತೆ. ಕಂಪ್ಯೂಟರಿನಲ್ಲಿ ಹಾಕಿಲ್ಲ. ಯಾರೂ ಹೋಗಿಲ್ಲ. ಆಗ ನಾನು ಊಟಕ್ಕೆ ಎದ್ದಿದ್ದೆ. ಫೋನ್ ತೆಗೆದುಕೊಂಡವಳು ಪಕ್ಕದವಳು. ಮ್ಯಾನೇಜರ್ ಕೇಳಿದಾಗ ತಲೆ ತಗ್ಗಿಸಿದಳು.

"ಅಕ್ಕಂಗೆ ಹೇಳಿದ್ದೆ ಸರ್. ಪಾಪ, ಅವರ ಪರಿಸ್ಥಿತಿ..."

ಹೇಳಿದಳೇ? ತಲೆಯೊಳಗೆಲ್ಲ ತಡಕಾಡಿದೆ. ಏನೂ ಇಲ್ಲ. ಹೇಳಿರಲೂಬಹುದು — ಅದೇ ಭಯ.

ಮಾರ್ಚ್ 20

ಪಕ್ಕದವಳು ಮೆಟ್ಟಿಲ ಹತ್ತಿರ ಅಡ್ಡ ನಿಂತಳು. "ನೀವು ಗುರ್ರಣ್ಣಂಗೆ ಹೇಳಿದ್ರಿ, ಅವರು ಹೋಗ್ಲಿಲ್ಲ. ಅಷ್ಟು ಅಂದ್ಬಿಡಿ ಅಕ್ಕಾ. ಹೇಗೂ ರಿಟೈರ್ ಆಗೋರು. ಅವರ ಪರ ಯಾರು ನಿಲ್ತಾರೆ? ನಿಮಗೆ ಮಗಳಿದಾಳೆ. ಮ್ಯಾನೇಜರಿಗೂ ಇದು ಮುಗಿದ್ರೆ ಸಾಕಾಗಿದೆ."

ಅಳುತ್ತಿದ್ದಳು. ಸುಳ್ಳು ಅಳುವಲ್ಲ. ನನಗಾಗಿ ನಿಜವಾಗಿಯೂ ಮರುಗುತ್ತಾಳೆ, ಜೊತೆಗೇ ಇದನ್ನೂ ಮಾಡುತ್ತಾಳೆ. ಎರಡೂ ಒಬ್ಬಳೇ. ಅದು ನನಗೆ ಅರ್ಥವಾಗುತ್ತಿಲ್ಲ.

ಸಂಜೆ ಗೇಟಿನಲ್ಲಿ ಗುರ್ರಣ್ಣ. "ಆ ಹುಡುಗಿ ನಿಮಗೆ ಹೇಳಿದ್ಲೋ ಇಲ್ವೋ ನಂಗೊತ್ತಿಲ್ಲ. ಮರೆತಿದ್ರೆ ಮರೆತೆ ಅನ್ನಿ. ನನಗೆ ಹೇಳಿದೆ ಅಂತ ಮಾತ್ರ ಅನ್ಬೇಡಿ."

"ನನ್ನ ಬಗ್ಗೆ ಮ್ಯಾನೇಜರ್ ಏನಾದ್ರೂ ಕೇಳಿದ್ರಾ?"

"ಕೇಳಿದ್ರು, ಈಯಮ್ಮ ಕೆಲ್ಸಕ್ಕೆ ಲಾಯಕ್ಕಾ ಅಂತ. ತಪ್ಪು ಕಂಡ್ರೆ ಅವ್ರಿಗೇ ಹೇಳ್ತೀನಿ, ನಿಮಗೆ ಹೇಳೋದೇನಿಲ್ಲ ಅಂದೆ."

ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದರು.

ಮಾರ್ಚ್ 21

ಮ್ಯಾನೇಜರ್ ಮೂವರನ್ನೂ ಕೂರಿಸಿ ಕೇಳಿದರು. ಮಗಳ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿದೆ — "ನನಗೆ ಇವಳು ಹೇಳಿದ್ದಾಳಾ ಅನ್ನೋದು ನೆನಪಿಲ್ಲ ಸರ್. ಗುರ್ರಣ್ಣಂಗೆ ನಾನು ಹೇಳಿಲ್ಲ. ಇದು ಗೊತ್ತು."

"ಅದೊಂದು ಮಾತ್ರ ಹೇಗೆ ಗೊತ್ತು?"

"ನಾನು ಏನು ಹೇಳಿದ್ರೂ ಅವ್ರು ಒಂದ್ಸಲ ಬೈತಾರೆ ಸರ್. ಆವತ್ತು ಬೈಸ್ಕೊಂಡಿಲ್ಲ."

ಯಾರೂ ನಗಲಿಲ್ಲ. ನಾನು ತಮಾಷೆಗೂ ಹೇಳಿರಲಿಲ್ಲ.

"ಯೋಚ್ನೆ ಮಾಡಿ ಹೇಳಿ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

"ಯೋಚ್ನೆ ಮಾಡೇ ಹೇಳಿದ್ದು."

ಗುರ್ರಣ್ಣ ಗೋಡೆಯ ಫ್ಯಾನ್ ನೋಡುತ್ತಿದ್ದರು. ಪಕ್ಕದವಳ ಕಣ್ಣು ಮೊದಲ ಸಲ ಒಣಗಿತ್ತು.

ಏಪ್ರಿಲ್ 1

ಸೆಕ್ಷನ್ ಹೆಡ್ ಅವಳೇ. ನನ್ನನ್ನು ಗೋಡೌನಿಗೆ ಹಾಕಿದರು. ಕಬ್ಬಿಣದ ಹಗ್ಗದ ಸುರುಳಿ, ಗ್ರೀಸ್ ಡಬ್ಬ, ಮಹಡಿಯ ನಂಬರಿನ ಗುಂಡಿಗಳು. ಕಿಟಕಿ ಇಲ್ಲ. ಫೋನೂ ಇಲ್ಲ. ಅವಳು ಬಾಗಿಲ ತನಕ ಬಂದು, "ಬೇಜಾರಿಲ್ಲ ತಾನೇ ಅಕ್ಕಾ?" ಅಂದಳು. ಇಲ್ಲ ಅಂದೆ. ನಿಜವಾಗಿಯೂ ಇರಲಿಲ್ಲ. ಏನೂ ಇರಲಿಲ್ಲ.

ಏಪ್ರಿಲ್ 9

ಬಾಗಿಲಿನ ರೋಲರ್ ಬೇಕೆಂದು ಗುರ್ರಣ್ಣ ಬಂದರು. ಕೊಟ್ಟೆ. ಥ್ಯಾಂಕ್ಸ್ ಇಲ್ಲ, ಆವತ್ತಿನ ಮಾತೂ ಇಲ್ಲ. ಹೋಗುತ್ತಾರೆ ಅಂದುಕೊಂಡರೆ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಯಜಮಾನ್ರು ಏನ್ಮಾಡ್ತಿದ್ರು?"

"ಡ್ರಾಯಿಂಗ್ ಮೇಷ್ಟ್ರು."

"ಅದು ಕೆಲ್ಸ. ಮನುಷ್ಯ ಹೇಗೆ?"

ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ನನ್ನ ಬಗ್ಗೆಯೇ — ಊಟ ಆಯ್ತಾ, ನಿದ್ದೆ ಬಂತಾ. ಅವರ ಬಗ್ಗೆ ಯಾರೂ ಕೇಳಲಿಲ್ಲ.

ದಾರಿ ತಪ್ಪಿದರೂ ಬಾಯಿಬಿಟ್ಟು ಯಾರನ್ನೂ ಕೇಳುತ್ತಿರಲಿಲ್ಲ ಅಂದೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೇ ಸರ್ಕಲ್ ಸುತ್ತಿ ಸುತ್ತಿ, "ಈ ಊರಲ್ಲಿ ಎಲ್ಲಾ ಸರ್ಕಲ್ಲೂ ಒಂದೇ ಥರ ಕಟ್ಟಿದಾರೆ ಕಣೇ" ಅಂದದ್ದು. ಹೇಳುತ್ತ ನಕ್ಕೆ. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಗುರ್ರಣ್ಣ ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ರೋಲರನ್ನು ತೊಡೆಯ ಮೇಲಿಟ್ಟುಕೊಂಡು, "ಆಮೇಲೆ?" ಅಂದರು.

ಮನೆಗೆ ಬಂದು, ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಯಜಮಾನರನ್ನು ಮೊದಲ ಸಲ ಕಂಡ ದಿನ ಒಂದು ಕಾಲಿಗೆ ನೀಲಿ ಸಾಕ್ಸ್ ಹಾಕಿದ್ದರು, ಇನ್ನೊಂದಕ್ಕೆ —